ಮಂದಿಯ ಆಡು ಹೊಡೆದುಕೊಂಡು ಬಂದ ಮೊಮ್ಮಗಳು

ಆಗ ನನಗೆ ಅರವತ್ತೆಂಟು, ಮೂರು ವರ್ಷದ ಹಿಂದಿನ ಮಾತು. ನಮ್ಮೂರು ಮಸರಕಲ್‌ನಲ್ಲಿ ನಾಲ್ಕನೇ ಕ್ಲಾಸಿನ ಮೊಮ್ಮಗಳು ಗಂಗಮ್ಮ ನಮ್ಮ ಆಡು ಬಿಟ್ಟು ನೆರೆಮನೆಯ ಆಡು ಹೊಡೆದುಕೊಂಡು ಬಂದಳು.

"ಆಡು ಕಾಯೋರ ಮನಿ ಕೂಸಿಗೆ ತನ್ನ ಆಡು ಗುರ್ತಿಲ್ಲೇನಬೇ?" ಎಂದು ನೆರೆಯವಳು ನಕ್ಕಳು. ನಾನು ನಗಲಿಲ್ಲ. ರಾಯಚೂರಿಗೆ ಕರೆದೊಯ್ದು ಕಣ್ಣು ತೋರಿಸಿದೆ.

"ದೂರದ್ದು ಕಾಣವಲ್ದು ಯವ್ವಾ. ಬೆಳೆಯೋತನಕ ಕನ್ನಡಕದ ನಂಬರು ಏರಬಹುದು, ವರ್ಷಕ್ಕೊಮ್ಮೆ ತೋರಿಸ್ರಿ. ದಿನಾ ಹೊರಗ ಬೆಳಕಿನಾಗ ಇರ್ಲಿ," ಎಂದರು ಡಾಕ್ಟರು. ಅಲ್ಲೇ ಕನ್ನಡಕ ಮಾಡಿಸಿದೆ.

ಬಸ್ಸಿನಲ್ಲಿ ಗಂಗಮ್ಮ ಅತ್ತಳು. "ಯವ್ವಾ, ಏರಿ ಏರಿ ನಾ ಕುರುಡಿ ಆಗ್ತೀನೇನು?"

"ಹುಚ್ಚಿ, ಕನ್ನಡಕ ಬದಲಾಗ್ತದ. ಕಣ್ಣು ಎಲ್ಲಿಗೂ ಹೋಗಂಗಿಲ್ಲ."

ಮನೆಗೆ ಬಂದಾಗ, ಇನ್ನು ಹುಡುಗಿಯನ್ನು ಆಡಿನ ಹಿಂದೆ ಕಳಿಸಬೇಡ ಎಂದಳು ಅವಳ ತಾಯಿ, ನನ್ನ ಸೊಸೆ. ಮರುದಿನ ಬೆಳಿಗ್ಗೆ ನಾನು ಕನ್ನಡಕಕ್ಕೆ ದಾರ ಕಟ್ಟಿ ಗಂಗಮ್ಮನ ಕೊರಳಿಗೆ ಹಾಕಿ, ಆಡು ಬಿಚ್ಚಿ, ಅವಳನ್ನೇ ಮುಂದೆ ಬಿಟ್ಟು ನಡೆದೆ.