ಬರ್ಫಿನ ಡಬ್ಬಿ

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಹೈದರಾಬಾದಿನ ಒಂದು ಲ್ಯಾಬಿನಲ್ಲಿದ್ದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಸಣ್ಣ ಸಣ್ಣ ಗುಳಿಗಳು. ಒಂದೊಂದು ಗುಳಿಯಲ್ಲಿ ರೋಗಿಯ ಬಿಳಿರಕ್ತಕಣಗಳ ಜೊತೆ ಒಬ್ಬೊಬ್ಬ ನೆಂಟರ ಕಣಗಳನ್ನು ಕೂಡಿಸಿ ಕಾಯುವುದು ನನ್ನ ಕೆಲಸ. ರೋಗಿಯ ಬಿಳಿಕಣಗಳಲ್ಲಿನ ಟಿ ಕಣಗಳು ಪರಕೀಯರನ್ನು ಗುರುತಿಸಿದರೆ ಕೆರಳಿ ಹೆಚ್ಚುತ್ತವೆ, ತಮ್ಮವರೆನಿಸಿದರೆ ಸುಮ್ಮನಿರುತ್ತವೆ. ಸುಮ್ಮನಿದ್ದ ಗುಳಿಯ ನೆಂಟರು ಮೂತ್ರಪಿಂಡ ಕೊಡಬಹುದು. ಒಂದೇ ತಟ್ಟೆಯಲ್ಲಿ ಇಡೀ ಮನೆತನವನ್ನು ವಿಚಾರಿಸುತ್ತೇನೆಂದು ಬೀಗುತ್ತಿದ್ದೆ. ಅಷ್ಟರಲ್ಲೇ ಅಕ್ಕನ ಎರಡೂ ಮೂತ್ರಪಿಂಡ ಕೈಕೊಟ್ಟವು. ಚಿಕಿತ್ಸೆಗೆಂದು ಅವಳನ್ನು ನನ್ನ ಮನೆಗೇ ಕರೆತಂದರು.

ನನ್ನ ರಕ್ತದ ಗುಂಪೇ ಹೊಂದಲಿಲ್ಲ. ಉಳಿದವರು ನಮ್ಮೂರು ನರೋಣಾದಲ್ಲಿದ್ದ ಅವ್ವ ಮತ್ತು ಇಬ್ಬರು ತಮ್ಮಂದಿರು. ಅವರ ರಕ್ತ ತರಲು ಅಕ್ಕನ ಗಂಡ ಹೋದರು. ಭಾವ ಜೇವರ್ಗಿ ಕಡೆಯ ಹಳ್ಳಿಗಳಿಗೆ ಮಕ್ಕಳ ಲಸಿಕೆ ಹೊತ್ತೊಯ್ಯುವವರು. ಯಡ್ರಾಮಿಯ ಬಿಸಿಲಲ್ಲೂ ತಮ್ಮ ಡಬ್ಬಿ ಬೆಚ್ಚಗಾಗಿದ್ದಿಲ್ಲ ಎಂಬ ಹೆಮ್ಮೆ ಅವರದು. "ಕೆಡದಂತೆ ತನ್ನಿ" ಎಂದಷ್ಟೇ ಡಾಕ್ಟರು ಹೇಳಿದ್ದರು.

ಮರುದಿನ ಬಂದವರೇ ಡಬ್ಬಿ ತೆರೆದರು. "ನೋಡವಾ, ದಾರಿ ತುಂಬ ಬರ್ಫ ತುಂಬಿಕೋತ ಬಂದೀನಿ. ಒಂದ್ಹನಿನೂ ಕೆಟ್ಟಿಲ್ಲ."

ಲಸಿಕೆಗೆ ಮಂಜುಗಡ್ಡೆಯ ತಂಪು ಬೇಕು, ಜೀವಂತ ಬಿಳಿಕಣಕ್ಕೆ ಅದೇ ಸಾವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ನಿದ್ದೆಗೆಟ್ಟ ಆ ಮುಖ ನೋಡಿ ರಕ್ತದ ನಳಿಕೆಗಳನ್ನು ಎತ್ತಿಕೊಂಡೆ. ಆಸೆ ಕೆಟ್ಟದ್ದು, ತಟ್ಟೆ ಹಾಕಿದೆ.

ವಾರದ ಮೇಲೆ ನೋಡಿದರೆ ಎಲ್ಲ ಗುಳಿಗಳೂ ಸುಮ್ಮನಿದ್ದವು. ಭಾವ ಹಿಗ್ಗಿದರು. "ಯಾವೂ ಜಗಳಾಡಿಲ್ಲಂದ್ರ ಎಲ್ಲಾರದೂ ಕೂಡಿತಲ್ಲವಾ!"

"ಇಲ್ರೀ ಭಾವ. ಬ್ಯಾರೆ ಗುಳಿಗಳಾಗ ಅವರ ಕಣ ಅಷ್ಟೇ ಇಟ್ಟು, ಎಂಥಾ ಕಣ ಇದ್ರೂ ಕೆರಳಿಸೋ ಔಷಧಿ ಹಾಕಿದ್ದೆ, ಅವರ ಕಣ ಅದಕ್ಕೂ ಎದ್ದಿಲ್ಲ. ಸತ್ತಾವ್ರಿ."

"ಬರ್ಫಿಗೇ ಸತ್ತಾವೇನು?"

ಹೌದೆಂದು ತಲೆಯಾಡಿಸಿದೆ. ಅವರು ಡಬ್ಬಿಯನ್ನು ಅಲ್ಲೇ ಬಿಟ್ಟು ಸ್ಟೇಷನ್ನಿಗೆ ನಡೆದರು.

ಎರಡನೇ ಸಲ ನಳಿಕೆಗಳನ್ನು ಬನಿಯನ್ನಿನೊಳಗೆ, ಎದೆಗಾನಿಸಿಕೊಂಡು ತಂದರು. ಅವು ಇನ್ನೂ ಅವರ ಮೈಬಿಸಿಯಲ್ಲಿದ್ದವು. ಆ ತಟ್ಟೆ ಹಣ್ಣಾಗುವವರೆಗೆ ಅಕ್ಕ ಕಾಯಲಿಲ್ಲ.

ಅವಳ ಮಣ್ಣು ಮುಗಿಸಿ ಮರಳಿದ ದಿನವೇ ತಟ್ಟೆಯ ಗಡುವು. ತೆಗೆದು ನೋಡದೆ ಇರಲಾಗಲಿಲ್ಲ. ಔಷಧಿಯ ಗುಳಿಗಳೆಲ್ಲ ಕೆರಳಿದ್ದವು. ಅವ್ವನ ಗುಳಿ, ದೊಡ್ಡ ತಮ್ಮನ ಗುಳಿ ಕೆರಳಿದ್ದವು. ಸಣ್ಣ ತಮ್ಮನದು ಮಾತ್ರ ಸುಮ್ಮನಿತ್ತು. ಈ ಸಲ ಅದು ಜೀವಂತ ಕಣಗಳ ಸುಮ್ಮನಿರುವಿಕೆ. ನಾನು ಗೋಡೆಗೊರಗಿ ಅತ್ತೆ.

ನನ್ನ ಮನೆಯಲ್ಲಿ ಉಳಿದಿದ್ದ ಅಕ್ಕನ ಸೀರೆಗಳ ಗಂಟು ಒಯ್ಯಲು ಬಂದ ಭಾವ ಲ್ಯಾಬಿನ ಬಾಗಿಲಲ್ಲೇ ನಿಂತರು. ಖಾಲಿ ಡಬ್ಬಿ ಇನ್ನೂ ಮೂಲೆಯಲ್ಲಿತ್ತು, ಅದರ ಕಡೆ ಅವರು ನೋಡಲಿಲ್ಲ.

"ಯಾರದರೆ ಕೂಡಿತ್ತೇನವಾ?"

"ಇಲ್ರೀ ಭಾವ," ಎಂದೆ, "ಯಾರದೂ ಕೂಡಿದ್ದಿಲ್ಲ."