ಸೈಲೆನ್ಸರ್ ಅಕ್ಕನ ಬಿಸಿಗಾಳಿ

ನಮ್ಮಕ್ಕನಿಗೆ ಅಗೆಯುವ ಮಷೀನುಗಳ ಯಾರ್ಡಿನ ಡ್ರೈವರುಗಳು ಇಟ್ಟ ಹೆಸರು ಸೈಲೆನ್ಸರ್. ದಿನವಿಡೀ ಎಂಜಿನ್ ಪಕ್ಕ ಕೂತರೂ ಅವಳ ಬಾಯಿಂದ ಸದ್ದಿಲ್ಲವಲ್ಲ, ಅದಕ್ಕೆ. ನಾನು ಅದೇ ಯಾರ್ಡಿನ ಮೆಕ್ಯಾನಿಕ್. ಮನೆಗೆ ಹಂಚಿದ ಮಾತನ್ನೆಲ್ಲ ನಾನೊಬ್ಬನೇ ಬಾಚಿಕೊಂಡು ಬಂದಿದ್ದೇನೆ ಅನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.

ಅಕ್ಕ ಹದಿನಾಲ್ಕು ವರ್ಷ ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿದವಳು. ಫ್ಯಾಕ್ಟರಿಗೆ ಬೀಗ ಬಿದ್ದ ಮೇಲೆ ಒಂದು ದಿನ ನನಗೆ ಊಟದ ಡಬ್ಬಿ ತಂದುಕೊಡಲು ಬಂದಳು. ಮೂಲೆಯಲ್ಲಿ ನಿಂತಿದ್ದ, ಮಣ್ಣು ಅಗೆಯುವ ಮಿನಿ ಎಕ್ಸ್‌ಕವೇಟರನ್ನು ನೋಡಿ, ಹತ್ತಬಹುದಾ ಅಂತ ಕೇಳಿದಳು. ಹತ್ತಿದವಳು ಇಳಿಯಲೇ ಇಲ್ಲ ಅನ್ನಬೇಕು. ಕಲಿತಳು, ಪರೀಕ್ಷೆ ಕೊಟ್ಟಳು, ನಲವತ್ತಕ್ಕೆ ಎರಡು ತಿಂಗಳು ಇರುವಾಗ ಆಪರೇಟರ್ ಆದಳು. ದೊಡ್ಡ ಮಷೀನು ನುಗ್ಗಲಾಗದ ಗಲ್ಲಿಗಳಿಗೆ ಈ ಪುಟಾಣಿಯೇ ಗತಿ. ಅಗೆಯುವ ಮೊದಲು ಅಕ್ಕ ಕೆಳಗಿಳಿದು, ಹಾಸುಗಲ್ಲು ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬರೆಯುತ್ತಾಳೆ. ಗುಂಡಿ ಮುಚ್ಚಿದ ಮೇಲೆ ಯಾರ ಮನೆ ಮುಂದಿನ ಕಲ್ಲು ಅವರ ಮನೆ ಮುಂದೆಯೇ ಕೂರಬೇಕು. ಹಾಗೆ ಮಾಡು ಅಂತ ಅವಳಿಗೆ ಹೇಳಿದವರು ಯಾರೂ ಇಲ್ಲ.

ಗೋದಾಮು ಗಲ್ಲಿಯ ನೀರಿನ ಪೈಪಿನ ಕೆಲಸ ಸಿಕ್ಕಿದ್ದು ಸೋಮವಾರ. ಒಂದು ಕಡೆ ಸಾಲಾಗಿ ಮನೆಗಳು, ಮೆಟ್ಟಿಲಿಳಿದರೆ ನೇರ ಬೀದಿ. ಇನ್ನೊಂದು ಕಡೆ ಗೋದಾಮಿನ ಎತ್ತರದ ಗೋಡೆ. ಮೆಟ್ಟಿಲಿಗೂ ಗೋಡೆಗೂ ನಡುವೆ ನಮ್ಮ ಪುಟಾಣಿ ಹೋದರೆ ಎರಡೂ ಬದಿ ಒಂದೊಂದು ಗೇಣು ಉಳಿಯುತ್ತದೆ, ಅಷ್ಟೇ. ಹನ್ನೊಂದು ಗಂಟೆಗೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಅಕ್ಕ ಎಂಜಿನ್ ನಿಲ್ಲಿಸಿ ನನಗೆ ಫೋನ್ ಮಾಡಿ, "ಕಾದಿದೆ" ಅಂದಳು. ಫೋನಿನಲ್ಲಿ ಅವಳಾಡುವುದೇ ಅಷ್ಟು.

ಸಂಜೆ ಗಾಡಿ ಯಾರ್ಡಿಗೆ ಬಂತು. ನೀರು ಸರಿಯಾಗಿತ್ತು. ರೇಡಿಯೇಟರಿನ ಧೂಳು ಊದಿ ತೆಗೆದೆ. ಒಂದೂವರೆ ಗಂಟೆ ಓಡಿಸಿದರೂ ಮುಳ್ಳು ಮಧ್ಯ ಬಿಟ್ಟು ಅಲುಗಲಿಲ್ಲ. ಮಂಗಳವಾರ ಗಲ್ಲಿಯಲ್ಲಿ ಮತ್ತೆ ಕಾಯಿತು. ಫ್ಯಾನ್ ಬೆಲ್ಟ್ ಬದಲಾಯಿಸಿದೆ. ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಮನೆಗೆ ತಂದು, ಕುದಿಯುವ ನೀರಿಗೆ ಹಾಕಿ, ಬಾಯಿ ಬಿಡುತ್ತದೋ ಇಲ್ಲವೋ ಅಂತ ನೋಡಿದೆ. ಅದು ಸರಿಯಾಗಿಯೇ ಬಾಯಿ ಬಿಟ್ಟಿತು. ಅದು ಹಾಲು ಕಾಯಿಸುವ ಪಾತ್ರೆಯಾಗಿದ್ದರಿಂದ ನನ್ನ ಹೆಂಡತಿಯೂ ಬಾಯಿ ಬಿಟ್ಟಳು. ಬುಧವಾರ ಗಲ್ಲಿಗೇ ಹೋಗಿ ರೇಡಿಯೇಟರಿನ ಮುಚ್ಚಳ ಹೊಸದು ಹಾಕಿದೆ. ಬುಧವಾರವೂ ಕಾಯಿತು.

ನಮ್ಮ ಓನರ್ ಕೆಟ್ಟವರಲ್ಲ, ಕಿವಿ ಮಾತ್ರ ಹಿತ್ತಾಳೆ. ಆಯಮ್ಮ ಸುಮ್ಮನೆ ರೇಸ್ ಕೊಡ್ತಾರೆ, ಮಷೀನಿಗೆ ಏನೂ ಆಗಿಲ್ಲ ಅಂತ ಯಾರೋ ಅವರ ಕಿವಿಗೆ ಹಾಕಿದ್ದರು. ಸಂಜೆ ಇಬ್ಬರನ್ನೂ ಕರೆದು ತೀರ್ಪು ಕೊಟ್ಟರು. ನಾಳೆ ಮೀಸೆ ಓಡಿಸಲಿ. ಅವನ ಕೈಯಲ್ಲೂ ಕಾದರೆ ಹೊಸ ರೇಡಿಯೇಟರ್ ಹಾಕೋಣ. ಕಾಯದಿದ್ದರೆ ನಿಮ್ಮಕ್ಕ ಸೀಟು ಬಿಟ್ಟು ಸ್ಟೋರ್ ರೂಮ್ ನೋಡಿಕೊಳ್ಳಲಿ. ಮೀಸೆ ಅಂದರೆ ನಮ್ಮಲ್ಲಿ ಹಳೆಯ ಆಪರೇಟರ್, ಕೆಲಸ ಬಲ್ಲವನು. ಅಕ್ಕ ಆಯ್ತು ಅಂದಳು. ಸೀಮೆಸುಣ್ಣದ ಡಬ್ಬಿಯನ್ನು ಸೀಟಿನ ಕೆಳಗಿನಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. 

ಗುರುವಾರ ಎಲ್ಲರೂ ಗಲ್ಲಿಯಲ್ಲೇ ಇದ್ದೆವು. ಮೀಸೆ ಎಂಟೂವರೆಗೆ ಶುರು ಮಾಡಿದ. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು. ಮುಳ್ಳು ಮಧ್ಯದಲ್ಲೇ ಹಾಯಾಗಿ ಕೂತಿತ್ತು. ಓನರ್ ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ. ಆಗ ಆಡಬಾರದ ಮಾತು ಆಡಿಬಿಟ್ಟೆ.

"ನಿಜ ಹೇಳಕ್ಕ, ನೀನು ಜಾಸ್ತಿ ರೇಸ್ ಕೊಡ್ತಿದ್ಯಾ?"

ಅಕ್ಕ ಗಲ್ಲಿಯ ಮೂಲೆಗೆ ಹೋಗಿ ಬೆನ್ನು ಹಾಕಿ ನಿಂತಳು. ಒಂದು ಏಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಎಲ್ಲಿಗೆ ಹೋಗುವುದೆಂದು ತೋಚದೆ ಒಂದು ಮನೆಯ ಮೆಟ್ಟಿಲ ಮೇಲೆ ಕೂತೆ. ಮುಖಕ್ಕೆ ಬಿಸಿಗಾಳಿ ರಪ್ಪೆಂದು ಬಡಿಯಿತು. ಮಷೀನಿನ ಬಲಬದಿಯ ಜಾಲರಿಯಿಂದ ಎಂಜಿನ್ನಿನ ಬಿಸಿಯೆಲ್ಲ ಹೊರಬರುತ್ತದೆ, ಅದು ನೇರ ನನ್ನ ಮೇಲೆ. ಬಾಗಿಲು ಮುಚ್ಚಿತ್ತು. ಅಕ್ಕಪಕ್ಕದ ಬಾಗಿಲುಗಳೂ ಮುಚ್ಚಿದ್ದವು. ನಿನ್ನೆ ಬಂದಾಗ ಎಲ್ಲ ತೆರೆದಿದ್ದವಲ್ಲ? ಇದೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಅಜ್ಜಿ ಕೂತಿದ್ದರು.

ಎದ್ದು ಎದುರಿನ ಗೋಡೆ ನೋಡಿದೆ. ಗಲ್ಲಿಯ ಮೇಲ್ತುದಿಯಿಂದ ಇಲ್ಲಿಯವರೆಗೆ, ನನ್ನ ಸೊಂಟದ ಎತ್ತರಕ್ಕೆ, ಗೋದಾಮಿನ ಗೋಡೆಯ ಧೂಳು ಪಟ್ಟಿ ಪಟ್ಟಿಯಾಗಿ ಹಾರಿಹೋಗಿ ಸುಣ್ಣ ಕಾಣುತ್ತಿತ್ತು. ಮೂರು ದಿನ ಬಿಸಿಗಾಳಿ ಬಡಿದ ಗುರುತು ಅದು. ಅಕ್ಕ ಮೇಲ್ತುದಿಗೆ ಮುಖ ಮಾಡಿ ಅಗೆಯುತ್ತಿದ್ದಳು, ಹಾಗಾಗಿ ಜಾಲರಿ ಗೋಡೆಯ ಕಡೆ. ಮೀಸೆ ಕೆಳತುದಿಗೆ ಮುಖ ಮಾಡಿದ್ದ, ಜಾಲರಿ ಮನೆಗಳ ಕಡೆ, ಅಲ್ಲಿ ಮೆಟ್ಟಿಲುಗಳ ಮೇಲೆ ಗಾಳಿ ಹರಡಲು ಜಾಗವಿತ್ತು. ಒಂದು ಗೇಣಿನ ದೂರದಲ್ಲಿ ಗೋಡೆ ಇದ್ದರೆ ಬಿಸಿಗಾಳಿ ಎಲ್ಲಿಗೆ ಹೋಗಬೇಕು? ಅಲ್ಲೇ ತಿರುಗಿ ಬಂದು ಮತ್ತೆ ರೇಡಿಯೇಟರಿಗೇ ನುಗ್ಗುತ್ತಿತ್ತು. ಮೂರು ದಿನ ನಾನು ಮಷೀನಿನ ಒಳಗೆ ತಲೆ ಹಾಕಿದ್ದೇ ಹಾಕಿದ್ದು, ಒಮ್ಮೆಯಾದರೂ ತಲೆ ಎತ್ತಿ ಸುತ್ತಮುತ್ತ ನೋಡಿರಲಿಲ್ಲ.

ಓನರನ್ನು ಕರೆತಂದು ಗೋಡೆ ತೋರಿಸಿದೆ. ಮೇಲ್ತುದಿಗೇ ಮುಖ ಮಾಡಿ ಯಾಕೆ ಅಗೆದೆ ಅಂತ ಅಕ್ಕನನ್ನು ಕೇಳಿದೆ.

"ಅಜ್ಜಿ ಬಾಗಿಲಲ್ಲಿ ಕೂರ್ತಾರೆ," ಅಂದಳು. "ಮುಖಕ್ಕೆ ಬಿಸಿ ಹೊಡೆಯುತ್ತಲ್ಲ, ಅದಕ್ಕೇ ಆ ಕಡೆ ತಿರುಗಿಸ್ಕೊಂಡೆ."

ಹಾಗಾದರೆ ತಪ್ಪು ಅವಳದೇ ಆಯಿತಲ್ಲ ಅಂದರು ಓನರ್. ಲೆಕ್ಕಕ್ಕೆ ಅದೂ ನಿಜವೇ. ಅಷ್ಟರಲ್ಲಿ ಆ ಬಾಗಿಲು ಅರ್ಧ ತೆರೆದು ಅಜ್ಜಿ ತಲೆ ಹೊರಹಾಕಿದರು. ಬೆಳಗಿನಿಂದ ಒಳಗೆ ಬೆಂದುಹೋದೆ, ಆ ಹುಡುಗಿ ಯಾಕೆ ಓಡಿಸ್ತಿಲ್ಲ ಅಂತ ಕೇಳಿದರು. ನಲವತ್ತೆರಡರ ನಮ್ಮಕ್ಕ ಅವರಿಗೆ ಹುಡುಗಿ. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ.

"ಅಯ್ಯೋ, ನಾನು ಹೊರಗೆ ಕೂರ್ತಿದ್ದುದೇ ಅವಳ ಕೆಲಸ ನೋಡೋಕೆ," ಅಂದರು ಅಜ್ಜಿ. "ಒಂದು ಮಾತು ಹೇಳಿದ್ರೆ ಮಹಡಿ ಕಿಟಕಿಯಿಂದ ನೋಡ್ತಿದ್ದೆ."

ಓನರ್ ನಕ್ಕುಬಿಟ್ಟರು. ಮೀಸೆಯೂ ಮಷೀನು ನಿಲ್ಲಿಸಿ ಇಳಿದ. ಈ ಗಲ್ಲಿ ಅವರ ಕೈಗೇ ಸರಿ, ನನಗೆ ಕಲ್ಲಿಗೆ ನಂಬರ್ ಬರೆಯೋ ತಾಳ್ಮೆ ಇಲ್ಲ ಅಂದ. ಓನರ್ ಅಕ್ಕನಿಗೆ ಸೀಟು ತೋರಿಸಿ, ಇನ್ನು ಮೇಲೆ ಬಾಯಿ ಬಿಟ್ಟು ಹೇಳಮ್ಮ ಅಂದರು. ಅಕ್ಕ ತಕ್ಷಣ ಹತ್ತಲಿಲ್ಲ. ಒಂದೊಂದೇ ಬಾಗಿಲು ತಟ್ಟಿ, ಸಂಜೆವರೆಗೆ ಬಿಸಿಗಾಳಿ ಬರುತ್ತೆ, ಸ್ವಲ್ಪ ಸಹಿಸ್ಕೊಳ್ಳಿ ಅಂತ ಹೇಳಿಕೊಂಡು ಬಂದಳು. ಹನ್ನೊಂದು ಮನೆ. ಅವಳು ಒಂದೇ ದಿನ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ನಾನು ಒಂದು ತಗಡನ್ನು ಬಗ್ಗಿಸಿ ತಂದಿದ್ದೆ. ಜಾಲರಿಯ ಮುಂದೆ ಹಿಡಿದರೆ ಬಿಸಿಗಾಳಿ ಬಾಗಿಲುಗಳಿಗೆ ತಾಗದೆ ಮೇಲಕ್ಕೆ ಹೋಗುತ್ತದೆ. ಅಕ್ಕ ಸೀಟಿಗೆ ಹತ್ತುವಾಗ ತಪ್ಪಾಯ್ತು ಅಂದೆ.

"ಇರಲಿ ಬಿಡು. ಬೆಲ್ಟು, ಮುಚ್ಚಳ ಎಲ್ಲ ಆದ ಮೇಲೆ ತಾನೆ ನನ್ನ ಮೇಲೆ ಅನುಮಾನ ಬಂದಿದ್ದು?"

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆಗಲಿಲ್ಲ.

"ಇಲ್ಲಕ್ಕ. ಮೊದಲನೇ ದಿನವೇ ಬಂದಿತ್ತು."

ಅಕ್ಕ ಕೈಚೀಲದಿಂದ ಸೀಮೆಸುಣ್ಣದ ಡಬ್ಬಿ ತೆಗೆದು ಸೀಟಿನ ಕೆಳಗೆ ಅದರ ಜಾಗದಲ್ಲೇ ಇಟ್ಟಳು.

"ಹಾಗಾದ್ರೆ ಆ ತಗಡಿಗೆ ಬೋಲ್ಟ್ ಹಾಕ್ಬೇಡ," ಅಂದಳು. "ಸಂಜೆವರೆಗೂ ನೀನೇ ಹಿಡ್ಕೊಂಡು ನಿಲ್ಲು."

ನಿಂತೆ. ಅಂಗೈಗಳು ಕೆಂಪಗಾದವು, ಬೆವರು ಕಣ್ಣಿಗಿಳಿಯಿತು. ಮಹಡಿ ಕಿಟಕಿಯಿಂದ ಅಜ್ಜಿ ಅಕ್ಕನ ಕೆಲಸವನ್ನೂ ನನ್ನ ಪಾಡನ್ನೂ ಒಟ್ಟಿಗೇ ನೋಡುತ್ತಿದ್ದರು. ಗಲ್ಲಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಐದು ಗಂಟೆಯವರೆಗೆ ನಾನು ಒಂದು ಮಾತೂ ಆಡಲಿಲ್ಲ, ಮುಳ್ಳೂ ಮಧ್ಯ ಬಿಟ್ಟು ಕದಲಲಿಲ್ಲ.