ಒದ್ದು ನೋಡದ ಮೊಳೆಗಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕೋಳಿಗಿಂತ ಮೊದಲು ಕೂಗುತ್ತಿದ್ದುದು ಅಪ್ಪನ ಸೀಟಿ. ಅಪ್ಪ ಕಡೂರಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಸೀಟಿ ಕೇಳಿದ ಕೂಡಲೇ ಹಾಸಿಗೆ ಸುತ್ತಿಡಬೇಕು, ಮುಖ ತೊಳೆಯಬೇಕು, ಮೈದಾನಕ್ಕೆ ಓಡಬೇಕು. ಈ ಕ್ರಮ ಹಿಂದುಮುಂದಾಗುವ ಹಾಗಿರಲಿಲ್ಲ. ಮನೆಯಲ್ಲಿ ಅವರು ಅಪ್ಪ, ಮೈದಾನದ ಗೇಟು ದಾಟಿದರೆ ಸಾರ್. ಅಲ್ಲಿ ಬಾಯಿತಪ್ಪಿ 'ಅಪ್ಪಾ' ಎಂದರೆ ಮೈದಾನ ಒಂದು ಸುತ್ತು ಓಡಬೇಕಿತ್ತು. ನಾನು ಬಹಳ ಸುತ್ತು ಓಡಿದ್ದೇನೆ. ಅಕ್ಕ ಒಂದು ಸಲವೂ ಓಡಿದವಳಲ್ಲ.

ಅಕ್ಕ ಎಂದರೆ, ಮೊಮ್ಮಕ್ಕಳೇ, ನಿಮ್ಮ ಅಜ್ಜಂಪುರದ ಅಜ್ಜಿ. ಬರುವಾಗಲೆಲ್ಲ ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ ತರುವ ಅಜ್ಜಿ. ನೀವು ಟಿ.ವಿ.ಯಲ್ಲಿ ಕ್ರಿಕೆಟ್ ಹಾಕಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುವ ಅಜ್ಜಿ. ಮೊನ್ನೆ ನಿಮ್ಮ ಮೆಚ್ಚಿನ ಫಾಸ್ಟ್ ಬೌಲರ್ ದೇಶಕ್ಕಾಗಿ ತನ್ನ ಕೊನೆಯ ಪಂದ್ಯ ಆಡಿದಳಲ್ಲ, ಅವಳು ಹುಡುಗಿಯಾಗಿದ್ದಾಗ ಜಡೆ ಹಾರಿಸಿಕೊಂಡು ಓಡಿ ಬಂದು ತೆಗೆದ ಮೊದಲ ವಿಕೆಟ್ಟಿನಿಂದ ಹಿಡಿದು ಎಲ್ಲವನ್ನೂ ತೋರಿಸಿದರಲ್ಲ, ಅಂದು ಮಾತ್ರ ಅಜ್ಜಿ ಎದ್ದು ಹೋಗಲಿಲ್ಲ. ಕೊನೆಯವರೆಗೂ ನೋಡಿ, "ಓಡೋದು ಚೆನ್ನಾಗೈತೆ, ಎಡಗೈ ಇನ್ನೊಂಚೂರು ಮೇಲೆತ್ತಬೇಕಿತ್ತು" ಎಂದಳು. ನೀವು ಬಿದ್ದು ಬಿದ್ದು ನಕ್ಕಿರಿ. ಅಜ್ಜಿಗೆ ಬೌಲಿಂಗ್ ಹೇಗೆ ಗೊತ್ತು ಎಂದು ಕೇಳಿದಿರಿ. "ನಿಮ್ಮಜ್ಜನ್ನ ಕೇಳ್ರಿ. ಮೊಳೆ ಹೊಡೀತಿದ್ದೋನು ಅವ್ನೇ" ಎಂದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಮ್ಮ ಮೈದಾನದಲ್ಲಿ ಹುಲ್ಲಿನ ಪಿಚ್ ಇರಲಿಲ್ಲ. ಕೆಂಪು ನೆಲವನ್ನು ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿ, ಅದರ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸುತ್ತಿದ್ದೆವು. ನೀರು ಚಿಮುಕಿಸಿದ ನಾರಿನ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ತೆಂಗಿನ ಸಿಪ್ಪೆ ನೆನೆಹಾಕಿದ ಕಟ್ಟೆಯ ವಾಸನೆ, ಅದರ ಜೊತೆಗೆ ಸ್ವಲ್ಪ ಚೆಂಡಿನ ತೊಗಲು, ಸ್ವಲ್ಪ ಬ್ಯಾಟಿಗೆ ಹಚ್ಚಿದ ಎಣ್ಣೆ. ಮ್ಯಾಟಿನ ಸುತ್ತ ದಪ್ಪ ಹಗ್ಗದ ಅಂಚು. ಎಲ್ಲರೂ ಸೇರಿ ಅದನ್ನು ಎಳೆದು ಹಿಡಿದಾಗ, ನಾನು ಗೇಣುದ್ದದ ಕಬ್ಬಿಣದ ಮೊಳೆಗಳನ್ನು ಅಂಚಿನುದ್ದಕ್ಕೂ ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ಆಮೇಲೆ ಅಪ್ಪ ಬಂದು ಒಂದೊಂದು ಮೊಳೆಯನ್ನೂ ಬೂಟಿನ ಹಿಮ್ಮಡಿಯಿಂದ ಒದ್ದು ನೋಡುತ್ತಿದ್ದರು. ಅಲ್ಲಾಡಿದರೆ ಮತ್ತೆ ಹೊಡೆಯಬೇಕು.

ಈ ಕಟ್ಟುನಿಟ್ಟಿಗೆ ಕಾರಣವಿತ್ತು. ಮ್ಯಾಟ್ ಬಿಗಿಯಾಗಿದ್ದರೆ ಚೆಂಡು ನೆಲಕ್ಕೆ ಬಿದ್ದು ಎದೆಯ ಮಟ್ಟಕ್ಕೆ ಹಾರುತ್ತದೆ. ಸಡಿಲವಿದ್ದರೆ ಅದೇ ಚೆಂಡು, ಅದೇ ಕೈ, ಮೊಣಕಾಲಿಗೂ ಏಳುವುದಿಲ್ಲ. "ಬೌಲರ್‌ದು ಅರ್ಧ, ಮೊಳೆದು ಅರ್ಧ" ಎಂದು ಅಪ್ಪ ಹೇಳುತ್ತಿದ್ದರು. ಅವರ ಇನ್ನೊಂದು ನಿಯಮ, ಬೌಲರ್ ಆದವನು ಪಿಚ್ಚಿನ ಮೇಲೆ ದೂರು ಹೇಳಬಾರದು. ಹಾಸುವುದು ಹಾಸುವವರ ಕೆಲಸ, ಹಾಕುವುದು ಹಾಕುವವರ ಕೆಲಸ.

ಅಕ್ಕ ಅಷ್ಟು ಜೋರಾಗಿ ಚೆಂಡು ಹಾಕಲು ಯಾವಾಗ ಕಲಿತಳೋ ನನಗೆ ನೆನಪಿಲ್ಲ. ಮೊದಮೊದಲು ಹುಡುಗರು ಹೊಡೆದ ಚೆಂಡು ಹೆಕ್ಕಿ ಎಸೆಯುತ್ತಿದ್ದಳು. ಅವಳ ಎಸೆತ ಹಿಡಿಯಲು ಹೋಗಿ ವಿಕೆಟ್ ಕೀಪರ್ ಹುಡುಗ ಬೆರಳು ಊದಿಸಿಕೊಂಡ ಮೇಲೆ, ಅಪ್ಪ ಅವಳನ್ನು ಕರೆದು ಓಡುವುದು, ಹಾರುವುದು, ತೋಳು ತಿರುಗಿಸುವುದನ್ನು ಕ್ರಮವಾಗಿ ಕಲಿಸಿದರು. ಅಪ್ಪನ ಹಳೆಯ ಬಿಳಿ ಪ್ಯಾಂಟನ್ನು ಅಮ್ಮ ಗೊಣಗಿಕೊಂಡೇ ಬಿಚ್ಚಿ ಅಕ್ಕನ ಅಳತೆಗೆ ಹೊಲಿದಳು.

ಒಂದು ಸಲ ತರೀಕೆರೆಯ ಹುಡುಗರ ತಂಡ ನಮ್ಮಲ್ಲಿಗೆ ಆಡಲು ಬಂತು. ನಮ್ಮ ಬೌಲರಿಗೆ ಜ್ವರ. ಅಪ್ಪ ಚೆಂಡನ್ನು ಅಕ್ಕನ ಕೈಗೆ ಕೊಟ್ಟರು. ಬ್ಯಾಟ್ ಹಿಡಿದಿದ್ದ ತರೀಕೆರೆಯ ಹುಡುಗ ನಮ್ಮ ಕಡೆ ತಿರುಗಿ, "ಏನ್ರೋ, ಕಡೂರಲ್ಲಿ ಗಂಡುಡುಗ್ರು ಖಾಲಿಯಾದ್ರಾ? ಮೆತ್ತಗೆ ಹಾಕವ್ವ, ಚೆಂಡು ಕಳ್ದುಹೋದ್ರೆ ನಿಮ್ ಮೇಷ್ಟ್ರು ಬೈತಾರೆ" ಎಂದ. ಮೊದಲ ಚೆಂಡು ಅವನ ಮೂಗಿನ ಮುಂದೆ ಹಾದುಹೋಯಿತು. ಎರಡನೆಯದಕ್ಕೆ ಅವನ ನಡುವಿನ ಸ್ಟಂಪು ನೆಲ ಬಿಟ್ಟೆದ್ದು ಹಿಂದೆ ಬಿತ್ತು. "ಚೆಂಡು ಕಳ್ದೋಗಿಲ್ಲ ಕಣೋ, ಇಲ್ಲೇ ಐತೆ ನೋಡು" ಎಂದಳು ಅಕ್ಕ. ತರೀಕೆರೆಯವರೂ ನಕ್ಕುಬಿಟ್ಟರು.

ಆ ಸಂಜೆ ಎಲ್ಲರ ಎದುರಿಗೆ ಅಪ್ಪ ಅಕ್ಕನಿಗೆ ಮಾತು ಕೊಟ್ಟರು. ಬೆಂಗಳೂರಿನಲ್ಲಿ ಒಬ್ಬ ಮೇಡಂ ಹೆಣ್ಣುಮಕ್ಕಳ ಕ್ರಿಕೆಟ್ ತಂಡ ಕಟ್ಟುತ್ತಿದ್ದಾರೆ. ಮುಂದೆ ಹೊರದೇಶದ ತಂಡಗಳ ಮೇಲೂ ಆಡುತ್ತಾರಂತೆ. ಆ ಮೇಡಂ ಬಂದು ನಿನ್ನ ಬೌಲಿಂಗ್ ನೋಡಲಿ, ಅವರು ಒಪ್ಪಿದರೆ ನಿನ್ನನ್ನು ಬೆಂಗಳೂರಿಗೆ ಕಳಿಸುತ್ತೇನೆ ಎಂದರು. ಅಂದಿನಿಂದ ಅಕ್ಕ ಸೀಟಿಗೂ ಮೊದಲೇ ಏಳತೊಡಗಿದಳು.

ಮೇಡಂ ಬರುವ ದಿನ ನಾನು ಸುತ್ತಿಗೆ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಮೈದಾನದಲ್ಲಿದ್ದೆ. ಹುಡುಗರು ಬಂದು ಮ್ಯಾಟ್ ಬಿಚ್ಚಿ ಹಾಸಿಕೊಟ್ಟು ಹೋದರು. ಬೌಲರ್ ಓಡಿ ಬರುವ ಕಡೆಯ ಮೊಳೆಗಳನ್ನೆಲ್ಲ ಹೊಡೆದೆ. ಬ್ಯಾಟ್ ಮಾಡುವ ಕಡೆಗೆ ಹೋಗುವಷ್ಟರಲ್ಲಿ ಅಪ್ಪ ಸುತ್ತಿಗೆಗೆ ಕೈ ಚಾಚಿದರು.

"ಇಲ್ಲಿ ಕೊಡು. ಈ ಕಡೆ ನಾನೇ ಹೊಡೀತೀನಿ. ನೀನು ಹೋಗಿ ನೀರು ತಗಂಬಾ."

ಅಪ್ಪ ತಾವೇ ಮೊಳೆ ಹೊಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ದೊಡ್ಡ ದಿನ, ಅದಕ್ಕೇ ಇರಬೇಕು ಎಂದುಕೊಂಡು ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದೆ. ಬರುವ ಹೊತ್ತಿಗೆ ಅಪ್ಪ ಮ್ಯಾಟನ್ನು ಕೈಯಿಂದ ಸವರಿ ಸವರಿ ಸಪಾಟು ಮಾಡುತ್ತಿದ್ದರು. ಮೇಲೆ ಒಂದು ಸುಕ್ಕೂ ಇರಲಿಲ್ಲ. ಆಮೇಲೆ ನಾನು ಹೊಡೆದ ಮೊಳೆಗಳನ್ನು ಒಂದೊಂದಾಗಿ ಒದ್ದು ನೋಡಿದರು. ತಾವು ಹೊಡೆದವನ್ನು ನೋಡಲಿಲ್ಲ. ಅಪ್ಪ ಹೊಡೆದ ಮೇಲೆ ನೋಡುವುದೇನಿದೆ ಎಂದು ನನಗೂ ಅನ್ನಿಸಿತು.

ಮೇಡಂ ರೈಲಿನಲ್ಲಿ ಬಂದರು. ಬಿಳಿ ಕ್ಯಾನ್ವಾಸ್ ಶೂ, ಕತ್ತರಿಸಿದ ಕೂದಲು, ದೊಡ್ಡ ನಗು. ಪ್ಯಾಡ್ ಕಟ್ಟಿಕೊಳ್ಳುತ್ತಲೇ ಅಕ್ಕನ ಜೊತೆ ಮಾತಾಡಿದರು. "ಸ್ಪಿನ್ ಹಾಕೋ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರಮ್ಮ. ಫಾಸ್ಟ್ ಹಾಕೋರಿಲ್ಲ. ತರೀಕೆರೆ ಹುಡುಗರು ನಿನ್ನ ವಿಷಯ ಏನೇನೋ ಹೇಳ್ತಾರೆ, ನಿಜವಾ ನೋಡೋಣ." ಅವರು ಬೆಂಗಳೂರಿನ ಹುಲ್ಲಿನ ಪಿಚ್ಚಿನಲ್ಲಿ ಆಡಿದವರು. ನಾರಿನ ಮ್ಯಾಟಿನ ಗುಣ ಅವರಿಗೆ ಗೊತ್ತಿರಲಿಲ್ಲ.

ಅಕ್ಕ ಓಡಿ ಬಂದಳು. ಅದೇ ಓಟ, ಅದೇ ನೆಗೆತ. ತೋಳು ಸುಯ್ಯೆಂದು ತಿರುಗಿತು. ಚೆಂಡು ಮ್ಯಾಟಿಗೆ ಬಿದ್ದು, ದಿಂಬಿಗೆ ಬಿದ್ದ ಹಾಗೆ 'ದಪ್' ಎಂದು ಮೇಡಂನ ಬ್ಯಾಟಿನ ಬುಡಕ್ಕೆ ಬಂತು. ಅವರು ನಿಧಾನವಾಗಿ ತಡೆದರು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಅಕ್ಕ ಹಲ್ಲು ಕಚ್ಚಿಕೊಂಡು ಇನ್ನೂ ಹಿಂದಿನಿಂದ ಓಡಿ ಬಂದಳು. ಅದು ಮೊಣಕಾಲಿಗೂ ಏಳಲಿಲ್ಲ. ಅಕ್ಕ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ಪ್ಯಾಂಟಿಗೆ ಒರೆಸಿಕೊಂಡಳು. ಮತ್ತೆ ಹಾಕಿದಳು. ಬಿಸಿಲೇರಿ ಇಳಿಯತೊಡಗಿತು. ಅವಳ ಶೂಗಳಿಗೆ ಹಚ್ಚಿದ್ದ ಸುಣ್ಣ ಕೆಂಪಗಾಯಿತು. ಒಮ್ಮೆ ಮ್ಯಾಟಿನ ಕಡೆ ನೋಡಿ, ಅಪ್ಪನ ಮುಖ ನೋಡಿ, ಮತ್ತೆ ಓಡಿ ಬರಲು ಹಿಂದಕ್ಕೆ ನಡೆದಳು. ದೂರು ಹೇಳಬಾರದು ಎಂಬುದು ಅವಳಿಗೆ ಗೊತ್ತಿತ್ತಲ್ಲ.

ಅಪ್ಪ ಕೈಕಟ್ಟಿಕೊಂಡು ನಿಂತಿದ್ದರು. ಒಂದು ಸಲವೂ ಸೀಟಿ ಊದಲಿಲ್ಲ.

ಮೇಡಂ ಪ್ಯಾಡ್ ಬಿಚ್ಚಿ ಎಳನೀರು ಕುಡಿದರು. ಅಕ್ಕನ ಹೆಗಲ ಮೇಲೆ ಕೈಯಿಟ್ಟು, "ಬೇಜಾರು ಮಾಡ್ಕೋಬೇಡಮ್ಮ. ಓಟ ಬಹಳ ಚೆನ್ನಾಗಿದೆ. ಆದರೆ ಚೆಂಡಿನಲ್ಲಿ ಜೀವ ಇಲ್ಲ" ಎಂದರು. ಅಪ್ಪನೇ ಅವರನ್ನು ಜಟಕಾ ಹತ್ತಿಸಿ ಸ್ಟೇಷನ್ನಿಗೆ ಕಳಿಸಿಕೊಟ್ಟರು.

ಅಕ್ಕ ಅಳಲಿಲ್ಲ. "ಬಾರೋ, ಮ್ಯಾಟ್ ಸುತ್ತೋಣ" ಎಂದಳು. ಆಟ ಮುಗಿದ ಮೇಲೆ ಮ್ಯಾಟ್ ಸುತ್ತಿಡುವುದು ನಮ್ಮಿಬ್ಬರ ಕೆಲಸ. ನಾನು ಹೊಡೆದ ಮೊಳೆಗಳನ್ನು ಕೀಳಲು ಎಂದಿನಂತೆ ಸುತ್ತಿಗೆಯ ಬಾಲ ಹಾಕಿ ಮೀಟಬೇಕಾಯಿತು. ಬ್ಯಾಟಿಂಗ್ ಕಡೆಗೆ ಬಂದೆವು. ಅಕ್ಕ ಬಗ್ಗಿ ಮೊದಲ ಮೊಳೆಯ ತಲೆ ಹಿಡಿದಳು. ಅದು ಬೆರಳಿಗೇ ಬಂತು. ಪಕ್ಕದ್ದೂ ಬಂತು. ಅದರ ಪಕ್ಕದ್ದೂ. ಒಂದೊಂದೂ ಬೆಣ್ಣೆಯಿಂದ ಎತ್ತಿದ ಹಾಗೆ ಬಂತು. ಹಗ್ಗದ ಅಂಚನ್ನು ಎಳೆದೇ ಇರಲಿಲ್ಲ. ಮ್ಯಾಟ್ ಸುಮ್ಮನೆ ನೆಲದ ಮೇಲೆ ಮಲಗಿತ್ತು.

"ಈ ಕಡೆ ಹೊಡೆದೋನು ನೀನೇನೋ?" ಎಂದಳು ಅಕ್ಕ.

"ಅಲ್ಲಕ್ಕ. ಸಾರ್."

ಅಷ್ಟರಲ್ಲಿ ಸ್ಟೇಷನ್ ಕಡೆಯಿಂದ ರೈಲು ಕೂಗಿತು. ಗಾಲಿಗಳ ಸದ್ದು ಬೆಂಗಳೂರಿನ ದಿಕ್ಕಿಗೆ ಕರಗುತ್ತಾ ಹೋಯಿತು. ಅಕ್ಕ ಮೊಳೆಗಳನ್ನು ಬೊಗಸೆಯಲ್ಲಿ ಹಿಡಿದು ಅದು ಮುಗಿಯುವವರೆಗೂ ನಿಂತಿದ್ದಳು. ಅಪ್ಪ ಮರೆಯುವವರಲ್ಲ. ಅವರ ಅಂಗಿಯ ಒಂದು ಗುಂಡಿಯೂ ಸಡಿಲವಿದ್ದದ್ದನ್ನು ನಾವು ಕಂಡಿರಲಿಲ್ಲ.

ಅಪ್ಪ ಗೇಟಿನಿಂದ ಬಂದರು. ಅಕ್ಕನ ಕೈಯಲ್ಲಿದ್ದುದನ್ನು ನೋಡಿ ಅಲ್ಲೇ ನಿಂತರು.

"ನಿಮ್ಮಮ್ಮ ಊಟ ಬಿಟ್ಟಿದ್ಳು ಕಣೇ" ಎಂದರು. "ಬೆಳೆದ ಹುಡುಗಿನ ದೂರ ಕಳಿಸಬ್ಯಾಡಿ ಅಂತ ಹಟ ಹಿಡಿದ್ಳು. ಕಳಿಸಲ್ಲ ಅಂತ ಅವಳಿಗೆ ಮಾತು ಕೊಟ್ಟೆ. ಮೇಡಂ ಒಪ್ಪಿದ್ರೆ ಕಳಿಸ್ತೀನಿ ಅಂತ ನಿಂಗೂ ಕೊಟ್ಟಿದ್ದೆ. ಎರಡರಲ್ಲಿ ಒಂದೂ ತಪ್ಪಂಗಿರ್ಲಿಲ್ಲ."

ನಾನು ಚಿಕ್ಕವನಾದರೂ ನನಗೆ ಅರ್ಥವಾಯಿತು. ಮಾತು ಉಳಿಸಿಕೊಳ್ಳಲು ಅವರು ಮೊಳೆ ಸಡಿಲ ಬಿಟ್ಟಿದ್ದರು.

"ಬ್ಯಾಡ ಅನ್ಬೌದಿತ್ತಲ್ಲಪ್ಪಾ" ಎಂದಳು ಅಕ್ಕ. ಮೈದಾನದಲ್ಲಿ ಅವಳು ಆ ಪದ ಆಡಿದ್ದು ಅದೇ ಮೊದಲು. "ಒಂದು ದಿನ ಅಳ್ತಿದ್ದೆ, ಆಮೇಲೆ ಸುಮ್ನಾಗ್ತಿದ್ದೆ. ಬೆಳಗಿಂದ ನನ್ ಕೈನೇ ಬೈಕೊಂಡು ನಿಂತಿದೀನಲ್ಲ ನಾನು."

ಅಪ್ಪ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು. ಸುತ್ತು ಓಡು ಎಂದು ಹೇಳಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. "ಲೇ, ಮ್ಯಾಟ್ ಹಾಸು. ಬಿಗಿಯಾಗಿ." ನಾವಿಬ್ಬರೇ ಕಾಲು ಕೊಟ್ಟು ಹಗ್ಗ ಜಗ್ಗಿದೆವು. ನನ್ನ ಅಂಗೈ ಉರಿಯುತ್ತಿತ್ತು. ಎಲ್ಲ ಮೊಳೆಗಳನ್ನೂ ಹೊಡೆದೆ. ಬರಿಗಾಲಿನಲ್ಲೇ ಹಿಮ್ಮಡಿಯಿಂದ ಒಂದೊಂದನ್ನೂ ಒದ್ದು ನೋಡಿದೆ. ಅಕ್ಕ ಬ್ಯಾಟನ್ನು ಅಪ್ಪನ ಮುಂದೆ ಚಾಚಿದಳು. "ನಿಂತ್ಕೊಳ್ಳಿ."

ಸಂಜೆಯ ಬಿಸಿಲು ಮ್ಯಾಟಿನ ಮೇಲೆ ಹಳದಿಯಾಗಿ ಬಿದ್ದಿತ್ತು. ಅಕ್ಕ ಓಡಿ ಬಂದಳು. ಚೆಂಡು ನಾರಿಗೆ ತಾಗಿದ ಸದ್ದು ಬೆತ್ತ ಬೀಸಿದ ಹಾಗಿತ್ತು. ಅಪ್ಪ ಬ್ಯಾಟ್ ಎತ್ತುವ ಮೊದಲೇ ಚೆಂಡು ಅವರ ಹಣೆಯ ಪಕ್ಕದಲ್ಲಿ ಹಾದು, ಟೋಪಿಯನ್ನು ಹಾರಿಸಿಕೊಂಡು ಹಿಂದಿನ ಬೇಲಿಗೆ ಬಡಿಯಿತು. ಅಪ್ಪನ ನೆತ್ತಿಯನ್ನು ಅಂದು ಮೈದಾನದಲ್ಲಿ ಮೊದಲ ಸಲ ನೋಡಿದೆ. ಬೆವರಿತ್ತು.

"ಮೇಡಂಗೆ ಹೇಳಿಕಳಿಸ್ತೀನಿ" ಎಂದರು ಅಪ್ಪ. ಅವರ ದನಿ ಸಣ್ಣದಾಗಿತ್ತು. "ನಿಮ್ಮಮ್ಮಂಗೆ ನಾನು ಹೇಳ್ಕೊತೀನಿ. ಇನ್ನೊಂದ್ಸಲ ಬರ್ಲಿ ಅವ್ರು."

"ಬಂದ್ರೆ ಮ್ಯಾಟ್ ಯಾರು ಹಾಸ್ತಾರೆ?" ಎಂದಳು ಅಕ್ಕ. ಬೇಲಿಯ ಬುಡದಿಂದ ಚೆಂಡು ಹೆಕ್ಕಿ ತಂದು ಅಪ್ಪನ ಕೈಯಲ್ಲಿಟ್ಟಳು. "ತಗೊಳ್ಳಿ ಸಾರ್."

ಅವಳು ಮತ್ತೆ ಚೆಂಡು ಮುಟ್ಟಲಿಲ್ಲ. ಮತ್ತೆ 'ಅಪ್ಪ' ಎನ್ನಲೂ ಇಲ್ಲ. ಮನೆಯಲ್ಲಿ, ಊಟಕ್ಕೆ ಕರೆಯುವಾಗ, ಕಾಯಿಲೆ ಬಿದ್ದಾಗ ನೀರು ಕೊಡುವಾಗ, ಎಲ್ಲ ಕಡೆಯೂ ಅವರು ಅವಳಿಗೆ ಸಾರ್. ಮದುವೆಯಾಗಿ ಅಜ್ಜಂಪುರಕ್ಕೆ ಹೊರಟ ದಿನ ಅವರ ಕಾಲು ಮುಟ್ಟಿ, "ಬತ್ತೀನಿ ಸಾರ್" ಎಂದಳು. ನೆಂಟರೆಲ್ಲ ತಮಾಷೆ ಎಂದು ನಕ್ಕರು. ಅಪ್ಪ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು.

ಅಪ್ಪ ಕಲಿಸಿದ ಕ್ರಮದಲ್ಲೇ ನಾನು ಇಂದಿಗೂ ಏಳುತ್ತೇನೆ, ಹಾಸಿಗೆ ಸುತ್ತುತ್ತೇನೆ. ಆದರೆ ಯಾರಾದರೂ "ನಾನೇ ನೋಡ್ಕೊತೀನಿ, ನೀವು ಹೋಗಿ" ಎಂದರೆ ಹೋಗುವುದಿಲ್ಲ.

ಈಗ ನಿಮ್ಮ ಕಾಲ ಬೇರೆ. ನಿಮ್ಮಲ್ಲಿ ದೊಡ್ಡವಳನ್ನು ಅವಳಪ್ಪನೇ ಪ್ರತಿ ಭಾನುವಾರ ಬೈಕಿನಲ್ಲಿ ಅಭ್ಯಾಸಕ್ಕೆ ಕರೆದುಕೊಂಡು ಹೋಗುತ್ತಾನೆ. ಅವಳಿಗೆ ಅವಳ ಅಳತೆಯದೇ ಪ್ಯಾಂಟು, ಮುಳ್ಳಿನ ಶೂ. ಚೆಂಡು ಎಷ್ಟು ವೇಗವಾಗಿ ಬಂತೆಂದು ಹೇಳಲು ಒಂದು ಪುಟ್ಟ ಯಂತ್ರ. ಅವಳ ಅಮ್ಮ ಬಲೆಯ ಆಚೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾಳೆ. ನೆಲದ ಮೇಲೆ ಹಸಿರು ಬಣ್ಣದ ಹಾಸು, ಅದಕ್ಕೆ ಯಾವ ವಾಸನೆಯೂ ಇಲ್ಲ. ನಾನು ಅಲ್ಲಿಗೆ ಬಂದಾಗಲೆಲ್ಲ ಅದರ ಅಂಚನ್ನು ಹಿಮ್ಮಡಿಯಿಂದ ಒದೆಯುತ್ತೇನೆ. "ಅಜ್ಜಾ, ಇದನ್ನ ಸಿಮೆಂಟಿಗೆ ಅಂಟಿಸಿರೋದು. ಮೊಳೆನೇ ಇಲ್ಲ!" ಎಂದು ನೀವೆಲ್ಲ ನಗುತ್ತೀರಿ.

ಹೋದ ಭಾನುವಾರ ಅಜ್ಜಂಪುರದ ಅಜ್ಜಿಯೂ ಬಂದಿದ್ದಳು. ನೆನಪು ಮಾಡಿಕೊಳ್ಳಿ, ಅವಳು ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಲೆಯ ಹತ್ತಿರ ಬಂದು, ನನ್ನ ಕಾಲನ್ನೇ ನೋಡುತ್ತಾ ನಿಂತಳು. ಆಮೇಲೆ ಬ್ಯಾಟಿಂಗ್ ಕಡೆಗೆ ಕೈ ತೋರಿಸಿ ಹೇಳಿದಳು:

"ಆ ಕಡೇದೂ ಒದ್ದು ನೋಡೋ."